ಪದಚರ್ಚೆ: ಟವರ್ ಬೋಲ್ಟು, ಹಿಂಜಸ್ಸು, ಡೋರ್ ಸ್ಟಾಪರಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮರಗೆಲಸ ಕಲಿಯುವ ಹುಡುಗರಿಗಾಗಿ ಬಾಗಿಲಿನ ಸಾಮಾನುಗಳ ಬಗ್ಗೆ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಯಾವ ಬಾಗಿಲಿಗೆ ಏನು ಹಾಕಬೇಕು ಅನ್ನುವುದು ಬರೆದಾಯಿತು, ಹೆಸರುಗಳಲ್ಲಿ ತೊಡಕಾಗಿದೆ.

ಮನೆಯೊಳಗೆ ನಮಗೆ ಎಲ್ಲವೂ ಚಿಲಕವೇ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ‘ಚಿಲಕ ಕೊಡಿ’ ಅಂದರೆ ‘ಟವರ್ ಬೋಲ್ಟಾ, ಆಲ್‌ಡ್ರಾಪಾ?’ ಅಂತಾರೆ. ಎರಡರಲ್ಲೂ ಸರಳು ಜಾರಿ ತೂತಿನಲ್ಲಿ ಕೂರುತ್ತದೆ. ಆದರೆ ಆಲ್‌ಡ್ರಾಪಿನ ಸರಳಿಗೆ ಒಂದು ನಾಲಿಗೆ ಉಂಟು, ಅದನ್ನು ಕೊಂಡಿಯ ಮೇಲೆ ಇಳಿಸಿ ಬೀಗ ಹಾಕಬಹುದು. ಅದಕ್ಕೇ ಮುಂಬಾಗಿಲ ಹೊರಮೈಗೆ 10 ಅಥವಾ 12 ಇಂಚಿನ ಆಲ್‌ಡ್ರಾಪು, ಒಳಗಡೆ ಟವರ್ ಬೋಲ್ಟು. ಮೊದಲನೆಯದನ್ನು ‘ಬೀಗದ ಚಿಲಕ’, ಎರಡನೆಯದನ್ನು ಬರೀ ‘ಚಿಲಕ’ ಅಂದರೆ ಸಾಲದೇ? ಅಗುಳಿಯನ್ನು ಇಲ್ಲಿಗೆ ಎಳೆದು ತರುವುದು ನನಗೆ ಒಪ್ಪಿಗೆಯಿಲ್ಲ. ಅದು ಕದದ ಹಿಂದೆ ಅಡ್ಡಲಾಗಿ ಕೂರುವ ಮರದ ಪಟ್ಟಿ, ಸಂಸ್ಕೃತದ ಅರ್ಗಲದ ನಂಟು. (ದುರ್ಗಾ ಸಪ್ತಶತಿ ಪಾರಾಯಣಕ್ಕೆ ಮೊದಲು ಕವಚ, ಅರ್ಗಲಾ, ಕೀಲಕ ಅನ್ನುವ ಸ್ತೋತ್ರಗಳನ್ನು ಹೇಳುವವರು ಬಡಗಿಯ ಅರ್ಧ ಸಾಮಾನನ್ನು ಜಪಿಸಿರುತ್ತಾರೆ!)

ಕದವನ್ನು ಚೌಕಟ್ಟಿಗೆ ಸೇರಿಸುವ ಹಿಂಜಸ್ಸಿಗೆ ‘ಕೀಲು’ ಸಾಕು. ‘ತಿರುಗಣಿ’ ಅಂದಾಗ ನನ್ನ ಕಣ್ಣಿಗೆ ಬರುವುದು ಹಳೆಯ ಕದಗಳು: ಮೂಲೆಯಲ್ಲಿ ಮರದ್ದೇ ಗೂಟ, ಅದು ತಿರುಗಲು ಕಲ್ಲಿನಲ್ಲಿ ಕುಳಿ. ಎರಡು ರೆಕ್ಕೆ, ನಡುವೆ ಒಂದು ಕಡ್ಡಿ ಇರುವ ಈಗಿನ ಸಾಮಾನಿಗೆ ಅದು ಹೊಂದದು. ಕರಾವಳಿಯ ‘ಬಿಜಾಗರಿ’ ಕೇಳಲು ಚೆನ್ನ, ಮರಾಠಿಯಲ್ಲೂ ಅದೇ ಮಾತು. ಬೆಂಗಳೂರಿನ ಹುಡುಗರಿಗೆ ಮಾತ್ರ ಅದೂ ಹೊಸದೇ. ಇಲ್ಲಿ ಒಂದಿದ್ದರೂ ‘ಹಿಂಜಸ್’, ಮೂರಿದ್ದರೆ ‘ಹಿಂಜಸ್‌ಗಳು’.

ನಿಜವಾದ ಕಷ್ಟ ಬಾಗಿಲನ್ನು ತೆರೆದಂತೆಯೇ ನಿಲ್ಲಿಸುವ ಸಾಮಾನುಗಳದ್ದು. ಅಂಗಡಿಯವರು ಎಲ್ಲವನ್ನೂ ‘ಸ್ಟಾಪರ್’ ಅಂದುಬಿಡುತ್ತಾರೆ. ಕೆಲಸ ಬೇರೆ ಬೇರೆ. ನೆಲಕ್ಕೋ ಗೋಡೆಗೋ ಕೂರಿಸುವ ರಬ್ಬರಿನ ಗುಬುಟು ಹಿಡಿಕೆ ಗೋಡೆಗೆ ಬಡಿಯದಂತೆ ತಡೆಯುತ್ತದೆ, ಅಷ್ಟೇ. ಗಾಳಿ ಬಂದರೆ ಬಾಗಿಲು ಮತ್ತೆ ದಢಾರ್. ಅಯಸ್ಕಾಂತದ್ದು ಹಿಡಿದುಕೊಳ್ಳುತ್ತದೆ, ಕೈಯಲ್ಲಿ ಎಳೆದರೆ ಬಿಡುತ್ತದೆ. ಕಾಲಲ್ಲಿ ಒತ್ತಿದರೆ ನೆಲಕ್ಕೆ ಕಚ್ಚಿ ನಿಲ್ಲುವುದು ಬಾಗಿಲನ್ನು ಬೇಕಾದಷ್ಟೇ ತೆರೆದು ನಿಲ್ಲಿಸುತ್ತದೆ. ಇವಕ್ಕೆ ‘ತಡೆ’, ‘ಹಿಡಿ’, ‘ಊರುಗಾಲು’ ಅಂತ ಬರೆದಿಟ್ಟಿದ್ದೇನೆ. ‘ಹಿಡಿ’ಯಲ್ಲಿ ತೊಂದರೆ ಇದೆ, ಓದುವವರು ಹ್ಯಾಂಡಲ್ ಅಂದುಕೊಳ್ಳುತ್ತಾರೆ. ‘ಬೆಣೆ’ ಒಳ್ಳೆಯ ಪದ, ಆದರೆ ಅದು ಸಂದಿಗೆ ತೂರಿಸುವ ಮರದ ತುಂಡಿಗೇ ಇರಲಿ.

ಕ್ರಿಯಾಪದಗಳಲ್ಲಿ ನಮಗೆ ಬಡತನವಿಲ್ಲ. ಬಾಗಿಲು ಓರೆ ಮಾಡುತ್ತೇವೆ, ಚಿಲಕ ಹಾಕದೆ ‘ಮುಂದಕ್ಕೆ ಹಾಕಿಕೊಳ್ಳಿ’ ಅನ್ನುತ್ತೇವೆ, ಬೀಗ ಜಡಿಯುತ್ತೇವೆ. ತೆರೆದ ಬಾಗಿಲನ್ನು ಹಾಗೇ ನಿಲ್ಲಿಸುವುದಕ್ಕೆ ಮಾತ್ರ ಒಂದು ಮಾತೂ ಹೊಳೆಯುತ್ತಿಲ್ಲ. ಗಾಳಿಗೆ ಬಡಿದುಕೊಳ್ಳದಿರಲೆಂದು ಬಾಗಿಲಿಗೆ ಕೊಡುತ್ತಿದ್ದ ಕಲ್ಲಿಗೋ ಮರದ ತುಂಡಿಗೋ ನಿಮ್ಮ ಕಡೆ ಹೆಸರಿದ್ದರೆ, ಯಾವ ಊರಿನದು ಅನ್ನುವುದನ್ನೂ ಸೇರಿಸಿ ತಿಳಿಸಿ.