ಬಾಸ್ ಗಿಟಾರ್: ಮೀಟುವ ಕೈಯ ಹೆಬ್ಬೆರಳು ಎಲ್ಲಿರಬೇಕು?

ಪ್ರಶ್ನೆ

ನಾಲ್ಕು ತಂತಿಯ ಬಾಸ್ ಗಿಟಾರನ್ನು ತೋರುಬೆರಳು ಮತ್ತು ನಡುಬೆರಳಿನಿಂದ ಮೀಟಿ ನುಡಿಸುತ್ತೇನೆ. ಹೆಬ್ಬೆರಳನ್ನು ಪಿಕಪ್‌ನ (ತಂತಿಗಳ ಕಂಪನವನ್ನು ಹಿಡಿಯುವ, ಅವುಗಳ ಅಡಿಯಲ್ಲಿರುವ ಭಾಗ) ಅಂಚಿನ ಮೇಲೆ ಊರಿಕೊಂಡು ಮೇಲಿನ ದಪ್ಪ ಇ, ಎ ತಂತಿಗಳನ್ನು ನುಡಿಸುವಾಗ ಏನೂ ತೊಂದರೆಯಿಲ್ಲ. ಆದರೆ ಕೆಳಗಿನ ತೆಳು ಡಿ, ಜಿ ತಂತಿಗಳಿಗೆ ಇಳಿದೊಡನೆ ಮಣಿಕಟ್ಟು ಒಳಕ್ಕೆ ಬಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. ಸಾಲದೆಂಬಂತೆ, ನಾನು ಮುಟ್ಟದೇ ಇರುವ ಇ ತಂತಿಯೂ ಹಿನ್ನೆಲೆಯಲ್ಲಿ ಗುಂಯ್‌ಗುಡುತ್ತಿರುತ್ತದೆ. ಪಿಕಪ್ ಬಿಟ್ಟರೆ ಕೈಗೆ ಆಸರೆಯೇ ಇಲ್ಲದಂತಾಗುತ್ತದೆ. ಏನು ಮಾಡಬೇಕು?

ಉತ್ತರ 1

ನೋವಿಗೂ ಗುಂಯ್‌ಗುಡುವಿಕೆಗೂ ಮೂಲ ಒಂದೇ: ಬೆರಳುಗಳು ಕೆಳಗಿಳಿದರೂ ಹೆಬ್ಬೆರಳು ಮೇಲೆಯೇ ಉಳಿದಿದೆ. ಡಿ ತಂತಿಯ ಎರಡನೇ ಫ್ರೆಟ್‌ನಲ್ಲಿ (ಫ್ರೆಟ್ ಎಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿ) ಬರುವ ಇ ಸ್ವರದ ಕಂಪನ ಸುಮಾರು 82.4 ಹರ್ಟ್ಸ್, ಒತ್ತದೆ ಬಿಟ್ಟ ಇ ತಂತಿಯದು 41.2 ಹರ್ಟ್ಸ್, ಅಂದರೆ ಸರಿಯಾಗಿ ಅರ್ಧ. ಹಾಗಾಗಿ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿಯೇ ಮಿಡಿಯುತ್ತದೆ, ಅದನ್ನು ಏನಾದರೂ ತಡೆದು ಹಿಡಿದಿರಬೇಕು. ಆ ಕೆಲಸ ಹೆಬ್ಬೆರಳಿನದು.

ಇ ತಂತಿಯನ್ನು ನುಡಿಸುವಾಗ ಹೆಬ್ಬೆರಳು ಪಿಕಪ್ ಮೇಲಿರಲಿ. ಎ ತಂತಿಗೆ ಹೋದಾಗ ಅದು ಇ ತಂತಿಯ ಮೇಲೆ ಕೂರಲಿ. ಡಿ ತಂತಿಗೂ ಅಲ್ಲಿಯೇ ಇರಬಹುದು. ಜಿ ತಂತಿಗೆ ಇಳಿದಾಗ ತುದಿಯನ್ನು ಎ ತಂತಿಯ ಮೇಲಿಟ್ಟು, ಬೆರಳನ್ನು ತುಸು ವಾಲಿಸಿದರೆ ಅದರ ಪಕ್ಕ ಇ ತಂತಿಗೂ ತಾಗಿ ಎರಡೂ ಸುಮ್ಮನಾಗುತ್ತವೆ. ಉಳಿದ ಡಿ ತಂತಿಗೆ ಬೇರೆ ಏರ್ಪಾಡು ಬೇಕಿಲ್ಲ, ಏಕೆಂದರೆ ಜಿ ತಂತಿಯನ್ನು ಮೀಟಿದ ಬೆರಳು ಮುಂದುವರಿದು ಡಿ ತಂತಿಗೆ ಆನಿಕೊಂಡು ನಿಂತರೆ ಅದೂ ಅಡಗುತ್ತದೆ. ಹೆಬ್ಬೆರಳನ್ನು ಒತ್ತಬಾರದು, ತಂತಿಯ ಕಂಪನ ನಿಲ್ಲಲು ಅದರ ಸ್ವಂತ ಭಾರವೇ ಸಾಕು.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಪಿಕಪ್ ಮೇಲೆ ಊರುವುದೇ ದೋಷವೆಂದು ಭಾವಿಸಬೇಡಿ. ಇಡೀ ಹಾಡು ಇ, ಎ ತಂತಿಗಳಲ್ಲೇ ಮುಗಿಯುವುದಾದರೆ ಅಲ್ಲಿಂದ ಕದಲಬೇಕಾದ ಅಗತ್ಯವೇನೂ ಇಲ್ಲ. ನಿಲುವು ನುಡಿಸುವ ರೀತಿಗೆ ತಕ್ಕಂತೆ ಬದಲಾಗುತ್ತದೆ: 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬಾಸ್‌ನಲ್ಲಿ ಬೆರಳಿನ ಆಸರೆಯ ಪಟ್ಟಿ ಜಿ ತಂತಿಯ ಕಡೆಗಿತ್ತು, ಏಕೆಂದರೆ ಜನ ಹೆಬ್ಬೆರಳಿನಿಂದಲೇ ಮೀಟುತ್ತಾರೆಂಬ ಎಣಿಕೆಯಿತ್ತು. ಐದು, ಆರು ತಂತಿಯ ವಾದ್ಯಗಳಲ್ಲಿ ಹಲವರು ಹೆಬ್ಬೆರಳನ್ನು ಎಲ್ಲಿಯೂ ಊರದೆ, ದಪ್ಪ ತಂತಿಗಳ ಮೇಲೆ ಉದ್ದಕ್ಕೆ ಒರಗಿಸಿ ಇಡೀ ಕೈಯನ್ನು ಸರಿಸುತ್ತಾರೆ. ಇದನ್ನೇ ಫ್ಲೋಟಿಂಗ್ ಥಂಬ್ ಎನ್ನುವುದು. ನಾಲ್ಕು ತಂತಿಗೆ ಅಷ್ಟು ಬೇಕಾಗಲಾರದು.

ಮಣಿಕಟ್ಟು ಹೆಚ್ಚು ಬಾಗುತ್ತಿದ್ದರೆ ಸ್ಟ್ರಾಪ್ (ವಾದ್ಯವನ್ನು ಹೆಗಲಿಗೆ ತೂಗಹಾಕುವ ಪಟ್ಟಿ) ಸಹ ನೋಡಿಕೊಳ್ಳಿ. ವಾದ್ಯ ತೀರಾ ಮೇಲಿದ್ದರೆ ಮೀಟುವ ಕೈ ಮಡಚಿಕೊಳ್ಳುತ್ತದೆ, ತೀರಾ ಕೆಳಗಿದ್ದರೆ ಒತ್ತುವ ಕೈ.

ಪ್ರಶ್ನೆ ಕೇಳಿದವರು

ನಿಧಾನವಾಗಿ ಪ್ರಯತ್ನಿಸಿದಾಗ ಇ ತಂತಿ ಸುಮ್ಮನಾಯಿತು, ನೋವೂ ಕಡಿಮೆ. ಆದರೆ ವೇಗ ಹೆಚ್ಚಿದಂತೆ ಹೆಬ್ಬೆರಳು ಹಿಂದುಳಿಯುತ್ತದೆ. ಎಡಗೈಯ ಹೆಬ್ಬೆರಳೂ ದಣಿಯುತ್ತದೆ. ಅದಕ್ಕೂ ಇದೇ ನಿಯಮವೇ?

ಉತ್ತರ 1

ಹೆಬ್ಬೆರಳು ಮೀಟುವ ಬೆರಳಿನ ಜತೆಗಲ್ಲ, ಅದಕ್ಕಿಂತ ಮೊದಲೇ ಹೊರಡಬೇಕು. ಎ ತಂತಿಯ ಕೊನೆಯ ಸ್ವರ ಇನ್ನೂ ಮೊಳಗುತ್ತಿರುವಾಗಲೇ ಅದು ಮುಂದಿನ ಜಾಗದಲ್ಲಿದ್ದರೆ ಬೆರಳುಗಳಿಗೆ ದಾರಿ ಸಲೀಸು. ಮೆಟ್ರೊನೋಮ್ (ಸಮ ಲಯದಲ್ಲಿ ಟಕ್‌ಟಕ್ ಎನ್ನುವ ಸಾಧನ) ಇಟ್ಟುಕೊಂಡು, ಎ ತಂತಿಯಿಂದ ಜಿ ತಂತಿಗೆ ಹಾರುವ ಒಂದೇ ಚಲನೆಯನ್ನು ಸ್ವಲ್ಪ ದಿನ ಅಭ್ಯಾಸ ಮಾಡಿ. ಇಷ್ಟಾದರೂ ನೋವು ಉಳಿದರೆ, ಅಥವಾ ಬೆರಳು ಜೋಮು ಹಿಡಿದರೆ, ನುಡಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಿರಿ.

ಎಡಗೈಯ ಹೆಬ್ಬೆರಳು ನೆಕ್‌ನ (ವಾದ್ಯದ ಉದ್ದನೆಯ ಕತ್ತಿನ) ಹಿಂಬದಿಯಲ್ಲಿ, ಹೆಚ್ಚುಕಡಿಮೆ ನಡುಬೆರಳಿಗೆ ಎದುರಾಗಿ, ಆತುಕೊಂಡಿದ್ದರೆ ಸಾಕು. ಅದು ಹಿಡಿಯುತ್ತಿದೆಯೋ ಬರೀ ತಾಗಿದೆಯೋ ಎಂದು ತಿಳಿಯಲು, ಹೆಬ್ಬೆರಳನ್ನು ಪೂರ್ತಿ ಎತ್ತಿ, ತೋಳಿನ ಭಾರದಿಂದಲೇ ತಂತಿಯನ್ನು ಫ್ರೆಟ್‌ಗೆ ಒತ್ತಿ ನುಡಿಸಿ ನೋಡಿ. ಸ್ವರ ಸ್ವಚ್ಛವಾಗಿ ಬಂದರೆ, ಅಲ್ಲಿಯವರೆಗೆ ಹಾಕುತ್ತಿದ್ದ ಹಿಡಿತದ ಬಹುಪಾಲು ಬೇಡವಾದದ್ದು.