ವ್ಯಾನ್ ಪೋರ್ಟ್ ಸುಟ್ಟಿದೆ, ಲ್ಯಾನ್ ಪೋರ್ಟಿಗೇ ಇಂಟರ್ನೆಟ್ ಕೊಡಬಹುದೇ?

ಹುಲೇಕಲ್_ತೋಟ (ಶಿರಸಿ)

ನಮಸ್ಕಾರ. ಮೊನ್ನೆಯ ಸಿಡಿಲಿಗೆ ರೂಟರಿನ ವ್ಯಾನ್ ಪೋರ್ಟ್ (ಹೊರಗಿನಿಂದ ಇಂಟರ್ನೆಟ್ ಬರುವ ತೂತು) ಹೋಗಿದೆ. ಟಿಪಿ-ಲಿಂಕ್ ಆರ್ಚರ್ ಸಿ6, ಕಂಪನಿಯ ಮೂಲ ಸಾಫ್ಟ್‌ವೇರೇ ಇದೆ. ಫೈಬರ್ ಮೋಡೆಮ್ ಸರಿಯಿದೆ, ಫೈಬರ್ ಸಂಪರ್ಕ ಇದೆ ಎನ್ನುವ ಪಾನ್ ದೀಪ ಹಸಿರಾಗಿ ನಿಂತಿದೆ, ಸಿಗ್ನಲ್ ಇಲ್ಲ ಎನ್ನುವ ಲಾಸ್ ದೀಪ ಆರಿದೆ. ಮೋಡೆಮ್ಮಿನ ಕೇಬಲ್ಲನ್ನು ವ್ಯಾನ್‌ಗೆ ಹಾಕಿದರೆ ದೀಪ ಹತ್ತುವುದೇ ಇಲ್ಲ. ಅದೇ ಕೇಬಲ್ಲನ್ನು (ಮನೆಯೊಳಗಿನ ಸಾಧನಗಳಿಗೆ ಇರುವ) ನಾಲ್ಕು ಲ್ಯಾನ್ ಪೋರ್ಟುಗಳಲ್ಲಿ ಯಾವುದಕ್ಕೆ ಹಾಕಿದರೂ ದೀಪ ಹತ್ತುತ್ತದೆ, ಆದರೆ ನೆಟ್ ಬರುವುದಿಲ್ಲ. ವೈಫೈ ಸರಿಯಿದೆ.

ಮೋಡೆಮ್ ಬ್ರಿಜ್ ಮೋಡಿನಲ್ಲಿದೆ (ಬಂದದ್ದನ್ನು ಹಾಗೇ ದಾಟಿಸುತ್ತದೆ ಅಷ್ಟೆ), ನೆಟ್ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಹೆಸರು-ಪಾಸ್‌ವರ್ಡ್ ರೂಟರಿನಲ್ಲೇ ಹಾಕಿದ್ದು. ಲ್ಯಾನ್ ಪೋರ್ಟ್ ಒಂದನ್ನು ವ್ಯಾನ್ ಮಾಡಿಕೊಳ್ಳಲು ಬರುತ್ತದೆಯೇ, ಅಥವಾ ಹೊಸ ರೂಟರೇ ಗತಿಯೇ?

ಕುಮಟಾ_ಕೇಬಲ್

ಬರುತ್ತದೆ. ಆದರೆ ಅದಕ್ಕಿಂತ ಮೊದಲು, ನಿಮಗೆ ವ್ಯಾನ್ ಪೋರ್ಟ್ ಬೇಕೇ ಅಂತ ನೋಡಿ. ಹೆಚ್ಚಿನ ಮನೆಗಳಿಗೆ ಬೇಡ. ಪಿಪಿಪಿಒಇ ಡಯಲ್ ಮಾಡುವ ಕೆಲಸವನ್ನು ಮೋಡೆಮ್ಮಿಗೇ ವಹಿಸಿ, ರೂಟರನ್ನು ಬರೀ ವೈಫೈ ಕೊಡುವ ಪೆಟ್ಟಿಗೆ ಮಾಡಿಕೊಂಡರೆ ಮುಗಿಯಿತು. ಮೂಲ ಸಾಫ್ಟ್‌ವೇರಿನಲ್ಲೇ ಆಗುತ್ತದೆ.

ಮೋಡೆಮ್ಮನ್ನು ಬ್ರಿಜ್‌ನಿಂದ ರೂಟ್ ಮೋಡಿಗೆ ಹಾಕಿಸಿಕೊಳ್ಳಿ. ಲಾಗಿನ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ನೆಟ್‌ನವರಿಗೆ ಫೋನ್ ಮಾಡಿ, ಅವರು ದೂರದಿಂದಲೇ ಬದಲಿಸಿಕೊಡಬಹುದು. ಇದ್ದರೆ, ಬದಲಿಸುವ ಮೊದಲು ಆ ಪುಟದ ಫೋಟೊ ತೆಗೆದಿಡಿ. ಅಲ್ಲಿರುವ ವಿಲ್ಯಾನ್ ಸಂಖ್ಯೆ (ಒಂದೇ ಲೈನಿನಲ್ಲಿ ಬೇರೆ ಬೇರೆ ಜಾಲಗಳನ್ನು ಗುರುತಿಸುವುದು) ಅಳಿಸಿಹೋದರೆ ಆಮೇಲೆ ಊಹಿಸಲು ಆಗುವುದಿಲ್ಲ, ಊರೂರಿಗೆ ಬೇರೆ ಇರುತ್ತದೆ.

ಮೋಡೆಮ್ಮಿನ ವಿಳಾಸ 192.168.1.1 ಅಂತ ಇಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ರೂಟರಿಗೆ ಮಾತ್ರ ಸೇರಿಸಿ, ಮೋಡೆಮ್ಮಿನ ಕೇಬಲ್ ಸದ್ಯ ಬೇಡ. ರೂಟರಿನ ಲ್ಯಾನ್ ವಿಳಾಸವನ್ನು 192.168.1.2 ಮಾಡಿ ಸೇವ್ ಮಾಡಿ, ಹೊಸ ವಿಳಾಸದಲ್ಲಿ ಮತ್ತೆ ಒಳಗೆ ಹೋಗಿ ಡಿಎಚ್‌ಸಿಪಿ ಸರ್ವರ್ (ಸಾಧನಗಳಿಗೆ ವಿಳಾಸ ಹಂಚುವುದು) ಆಫ್ ಮಾಡಿ. ಈ ಕ್ರಮ ತಿರುಗಿಸಬೇಡಿ. ಡಿಎಚ್‌ಸಿಪಿ ಮೊದಲು ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ ನೀವು ಬಾಗಿಲ ಹೊರಗೆ ನಿಲ್ಲುತ್ತೀರಿ. ಹಾಗೆ ಸಿಕ್ಕಿಕೊಂಡರೆ ಲ್ಯಾಪ್‌ಟಾಪಿಗೆ ಕೈಯಾರೆ 192.168.1.50, ಮಾಸ್ಕ್ 255.255.255.0 ಕೊಟ್ಟು ಒಳಗೆ ಹೋಗಬಹುದು (ರೂಟರ್ ಇನ್ನೂ 192.168.0.1ರಲ್ಲೇ ಇದ್ದರೆ 192.168.0.50). ಆಮೇಲೆ ಮೋಡೆಮ್ಮಿನ ಲ್ಯಾನ್ 1ರಿಂದ ರೂಟರಿನ ಲ್ಯಾನ್ 1ಕ್ಕೆ ಕೇಬಲ್ ಹಾಕಿ.

ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಒಂದು ಫೋನಿಗೆ ನೆಟ್ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ತಿರುಗಾಮುರುಗಾ ಆಗುತ್ತದೆ. ಇಬ್ಬರು ವಿಳಾಸ ಹಂಚುತ್ತಿದ್ದಾರೆ ಎಂಬುದರ ಲಕ್ಷಣ ಅದು. ನಷ್ಟ ಏನೆಂದರೆ, ರೂಟರಿನ ಪೇರೆಂಟಲ್ ಕಂಟ್ರೋಲ್, ಪೋರ್ಟ್ ಫಾರ್ವರ್ಡಿಂಗ್ ಇವೆಲ್ಲ ಕೆಲಸಕ್ಕೆ ಬರುವುದಿಲ್ಲ, ಬೇಕಿದ್ದರೆ ಮೋಡೆಮ್ಮಿನಲ್ಲಿ ಮಾಡಿಕೊಳ್ಳಬೇಕು.

ಯಲ್ಲಾಪುರ_ಪ್ಯಾಕೆಟ್

ಮೇಲಿನದು ಸರಿ, ನಾನೂ ಮೊದಲು ಅದನ್ನೇ ಹೇಳುತ್ತಿದ್ದೆ. ಆದರೆ ಕೇಳಿದ ಪ್ರಶ್ನೆಗೂ ಉತ್ತರ ಇರಲಿ. ಕೆಲವು ಮೋಡೆಮ್‌ಗಳು ರೂಟ್ ಮೋಡಿನಲ್ಲಿ ಹತ್ತು-ಹದಿನೈದು ಸಾಧನ ಸೇರಿದ ಕೂಡಲೇ ತಿಣುಕುತ್ತವೆ.

ಮನೆಯ ರೂಟರಿನಲ್ಲಿ ಹಿಂದೆ ಕಾಣುವ ಐದೂ ತೂತುಗಳು ಸಾಮಾನ್ಯವಾಗಿ ಒಂದೇ ಸ್ವಿಚ್ ಚಿಪ್ಪಿಗೆ ಹೋಗಿ ಸೇರುತ್ತವೆ. ಅದರಲ್ಲಿ ಒಂದು ವ್ಯಾನ್, ನಾಲ್ಕು ಲ್ಯಾನ್ ಅಂತ ಬೇಲಿ ಹಾಕುವುದು ಸಾಫ್ಟ್‌ವೇರ್. ಪಿಪಿಪಿಒಇ ಆ ಬೇಲಿಯ ವ್ಯಾನ್ ಬದಿಗೆ ಮಾತ್ರ ಕರೆ ಕಳಿಸುತ್ತದೆ. ಹಾಗಾಗಿ ಲ್ಯಾನ್‌ಗೆ ಹಾಕಿದಾಗ ದೀಪ ಹತ್ತಿದರೂ ನೆಟ್ ಇಲ್ಲ. ಬೇಲಿ ಸರಿಸಲು ಸಿ6ನ ಮೂಲ ಸಾಫ್ಟ್‌ವೇರ್ ಬಿಡುವುದಿಲ್ಲ. ಐಪಿಟಿವಿ ಪುಟ ನೋಡಿ ಆಸೆ ಪಡಬೇಡಿ, ಅದು ಲ್ಯಾನ್ ಪೋರ್ಟನ್ನು ಟಿವಿ ಡಬ್ಬಿಗೆ ಕೊಡುತ್ತದೆಯೇ ಹೊರತು ವ್ಯಾನ್ ಜಾಗ ಬದಲಿಸುವುದಿಲ್ಲ. ಓಪನ್‌ವರ್ಟ್ (ಮೂಲದ್ದರ ಬದಲು ರೂಟರಿಗೆ ಹಾಕುವ ಮುಕ್ತ ಸಾಫ್ಟ್‌ವೇರ್) ಹಾಕಬೇಕು.

ಅಡಿಯ ಚೀಟಿ ನೋಡಿ ಆವೃತ್ತಿ ಹೇಳಿ. ಸಿ6 ಅನ್ನುವ ಒಂದೇ ಹೆಸರಿನಲ್ಲಿ ಆವೃತ್ತಿ 2ರ ಒಳಗೆ ಕ್ವಾಲ್‌ಕಾಮ್ ಚಿಪ್ ಇದೆ, ಆವೃತ್ತಿ 3ರಲ್ಲಿ ಮೀಡಿಯಾಟೆಕ್. ಒಂದರ ಫೈಲ್ ಇನ್ನೊಂದಕ್ಕೆ ಹಾಕಬಾರದು, ಪೋರ್ಟ್ ಬದಲಿಸುವ ರೀತಿಯೂ ಬೇರೆ.

ಹುಲೇಕಲ್_ತೋಟ (ಶಿರಸಿ)

ಚೀಟಿಯಲ್ಲಿ ಆವೃತ್ತಿ 3 ಅಂತಿದೆ. ಮೋಡೆಮ್ ಲಾಗಿನ್ ನಮ್ಮ ಕೈಯಲ್ಲಿಲ್ಲ, ನೆಟ್‌ನವರು ಸೋಮವಾರದ ತನಕ ಸಿಗುವುದಿಲ್ಲ. ಹಾಗಾಗಿ ಓಪನ್‌ವರ್ಟ್ ದಾರಿಯನ್ನೇ ಪೂರ್ತಿ ಹೇಳಿ.

ಯಲ್ಲಾಪುರ_ಪ್ಯಾಕೆಟ್

ಮೊದಲು ಒಂದು ಪರೀಕ್ಷೆ. ಮೋಡೆಮ್ಮಿನ ಕೇಬಲ್ಲನ್ನು ನೇರ ಲ್ಯಾಪ್‌ಟಾಪಿಗೆ ಹಾಕಿ, ವಿಂಡೋಸ್‌ನಲ್ಲೇ ಹೊಸ ಬ್ರಾಡ್‌ಬ್ಯಾಂಡ್ ಪಿಪಿಪಿಒಇ ಸಂಪರ್ಕ ಮಾಡಿ ಡಯಲ್ ಮಾಡಿ. ಬಂತೆಂದರೆ ಮೋಡೆಮ್, ಕೇಬಲ್, ಪಾಸ್‌ವರ್ಡ್ ಮೂರೂ ಸರಿ, ವಿಲ್ಯಾನ್ ಗುರುತನ್ನು ಮೋಡೆಮ್ಮೇ ಹಾಕುತ್ತಿದೆ ಅಂತಲೂ ಗೊತ್ತಾಗುತ್ತದೆ. ಹತ್ತು ನಿಮಿಷದ ಕೆಲಸ, ಆಮೇಲಿನ ಎರಡು ಗಂಟೆ ಉಳಿಸುತ್ತದೆ.

ಓಪನ್‌ವರ್ಟ್ ತಾಣದಲ್ಲಿ ನಿಮ್ಮ ಮಾದರಿ ಮತ್ತು ಆವೃತ್ತಿಗೇ ಇರುವ ಫ್ಯಾಕ್ಟರಿ ಫೈಲ್ ಇಳಿಸಿಕೊಳ್ಳಿ. ಸಿಸ್‌ಅಪ್‌ಗ್ರೇಡ್ ಅನ್ನುವ ಫೈಲ್ ಈಗಲ್ಲ, ಅದು ಮುಂದೆ ಓಪನ್‌ವರ್ಟ್‌ನಿಂದ ಓಪನ್‌ವರ್ಟ್‌ಗೆ ಹೋಗುವಾಗ. ಮೂಲ ಸಾಫ್ಟ್‌ವೇರಿನ ಫರ್ಮ್‌ವೇರ್ ಅಪ್‌ಗ್ರೇಡ್ ಪುಟದಿಂದಲೇ ಹತ್ತುತ್ತದೆ. ಲ್ಯಾಪ್‌ಟಾಪ್ ಲ್ಯಾನ್ 1ರಲ್ಲಿ ಇರಲಿ, ವೈಫೈ ಮೇಲೆ ಮಾಡಬೇಡಿ. ರೂಟರನ್ನು ಇನ್ವರ್ಟರಿಗೆ ಸೇರಿಸಿಕೊಂಡು ಮಾಡಿ. ಈ ದಿನಗಳಲ್ಲಿ ನಮ್ಮ ಕಡೆ ಕರೆಂಟನ್ನು ನಂಬಿ ಫ್ಲಾಶ್ ಮಾಡುವುದು ಬೇಡ.

ಎದ್ದ ಮೇಲೆ 192.168.1.1ಕ್ಕೆ ಹೋಗಿ, ಪಾಸ್‌ವರ್ಡ್ ಇಡಿ. ವೈಫೈ ಕಾಣಿಸುವುದಿಲ್ಲ, ಗಾಬರಿ ಬೇಡ: ಓಪನ್‌ವರ್ಟ್‌ನಲ್ಲಿ ಅದು ಆಫ್ ಆಗಿಯೇ ಬರುತ್ತದೆ. ವೈರ್‌ಲೆಸ್ ಪುಟದಲ್ಲಿ ದೇಶ ಭಾರತ ಅಂತ ಆರಿಸಿ, ಪಾಸ್‌ವರ್ಡ್ ಕೊಟ್ಟು ಆಮೇಲೆ ಎನೇಬಲ್ ಮಾಡಿ.

ಈಗ ಪೋರ್ಟ್. ನೆಟ್‌ವರ್ಕ್, ಅದರಲ್ಲಿ ಇಂಟರ್‌ಫೇಸಸ್, ಅದರೊಳಗೆ ಡಿವೈಸಸ್ ಎಂಬ ಟ್ಯಾಬ್. ಬಿಆರ್-ಲ್ಯಾನ್ ಎಂಬ ಸಾಲಿನ ಕಾನ್ಫಿಗರ್ ಒತ್ತಿ, ಬ್ರಿಜ್ ಪೋರ್ಟ್ಸ್ ಪಟ್ಟಿಯಲ್ಲಿ ಲ್ಯಾನ್4 ಎದುರಿನ ಟಿಕ್ ತೆಗೆಯಿರಿ. ಸೇವ್ ಮಾಡಿ, ಅಪ್ಲೈ ಈಗಲೇ ಬೇಡ. ಅದೇ ಟ್ಯಾಬಿನಲ್ಲಿ ಸುಟ್ಟ ವ್ಯಾನ್ ಡಿವೈಸಿನ ಸಾಲಿನಲ್ಲಿ ಒಂದು ಮ್ಯಾಕ್ ವಿಳಾಸ (ಪೋರ್ಟಿನ ಗುರುತಿನ ಸಂಖ್ಯೆ) ಕಾಣುತ್ತದೆ, ಬರೆದುಕೊಳ್ಳಿ. ಲ್ಯಾನ್4ರ ಕಾನ್ಫಿಗರ್‌ಗೆ ಹೋಗಿ ಮ್ಯಾಕ್ ಜಾಗದಲ್ಲಿ ಅದನ್ನೇ ತುಂಬಿ. ಕೆಲವು ನೆಟ್ ಕಂಪನಿಗಳು ಮೊದಲ ಸಲ ಕಂಡ ಮ್ಯಾಕ್‌ಗೆ ಸಂಪರ್ಕವನ್ನು ಕಟ್ಟಿಹಾಕಿರುತ್ತವೆ, ಪೋರ್ಟ್ ಬದಲಾದಾಗ ಮ್ಯಾಕ್ ಬದಲಾಗಿ ಅಲ್ಲಿ ಬಾಗಿಲು ತೆರೆಯುವುದಿಲ್ಲ.

ಮತ್ತೆ ಇಂಟರ್‌ಫೇಸಸ್ ಟ್ಯಾಬಿಗೆ ಬಂದು ವ್ಯಾನ್ ಎಡಿಟ್ ಮಾಡಿ. ಪ್ರೋಟೊಕಾಲ್ ಪಿಪಿಪಿಒಇ, ಡಿವೈಸ್ ಲ್ಯಾನ್4, ಕೆಳಗೆ ಹೆಸರು-ಪಾಸ್‌ವರ್ಡ್. ವ್ಯಾನ್6 ಎಂಬ ಇನ್ನೊಂದು ಇಂಟರ್‌ಫೇಸ್ ಹಳೇ ವ್ಯಾನ್ ಡಿವೈಸಿಗೆ ಅಂಟಿಕೊಂಡಿರುತ್ತದೆ, ಅಳಿಸಿಬಿಡಿ. ಪಿಪಿಪಿಒಇ ಎದ್ದ ಮೇಲೆ ಕಂಪನಿ ಐಪಿವಿ6 ಕೊಡುವುದಾದರೆ ತಾನೇ ಒಂದು ಹುಟ್ಟಿಕೊಳ್ಳುತ್ತದೆ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) 1492. ಈಥರ್ನೆಟ್ಟಿನ 1500ರಲ್ಲಿ ಪಿಪಿಪಿಒಇ ತಲೆಚೀಟಿಗೆ 8 ಬೈಟ್ ಹೋಗುತ್ತದೆ. ಖಾಲಿ ಬಿಟ್ಟರೂ ತಾನೇ ಅಷ್ಟಕ್ಕೆ ನಿಲ್ಲುತ್ತದೆ.

ಫೈರ್‌ವಾಲ್ ಮುಟ್ಟಬೇಡಿ. ಅದು ಪೋರ್ಟಿನ ಹೆಸರಿಗೆ ಕಟ್ಟಿದ್ದಲ್ಲ, ಇಂಟರ್‌ಫೇಸಿನ ಹೆಸರಿಗೆ ಕಟ್ಟಿದ್ದು. ವ್ಯಾನ್ ಪೆಟ್ಟಿಗೆ ಕೆಂಪು ಬಣ್ಣದಲ್ಲಿ, ಲ್ಯಾನ್ ಹಸಿರಿನಲ್ಲಿ ಕಂಡರೆ ಸರಿಯಿದೆ. ಹೊಸ ಹೆಸರಿನ ಇಂಟರ್‌ಫೇಸ್ ಮಾಡಿಕೊಂಡವರು ಮಾತ್ರ ಅದನ್ನು ವ್ಯಾನ್ ವಲಯಕ್ಕೆ ಸೇರಿಸಲೇಬೇಕು. ಇಲ್ಲವಾದರೆ ರೂಟರಿನಿಂದ ಪಿಂಗ್ ಹೋಗುತ್ತದೆ, ಫೋನಿನಿಂದ ಹೋಗುವುದಿಲ್ಲ.

ಈಗ ಎಲ್ಲಕ್ಕೂ ಒಂದೇ ಸಲ ಸೇವ್ ಆ್ಯಂಡ್ ಅಪ್ಲೈ. ಅಪ್ಲೈ ಆದಮೇಲೆ ಪುಟಕ್ಕೆ ರೂಟರ್ ಮತ್ತೆ ಸಿಗದಿದ್ದರೆ ಅದು ಸುಮಾರು ಒಂದೂವರೆ ನಿಮಿಷ ಕಾದು ಹಳೆಯದಕ್ಕೆ ವಾಪಸ್ ಹೋಗುತ್ತದೆ. ಲ್ಯಾಪ್‌ಟಾಪನ್ನು ಲ್ಯಾನ್ 4ರಲ್ಲಿ ಕೂರಿಸಿ ಈ ಕೆಲಸ ಮಾಡುವವರು ‘ಸೆಟ್ಟಿಂಗ್ ನಿಲ್ಲುತ್ತಿಲ್ಲ’ ಅಂತ ದೂರುವುದು ಇದಕ್ಕೇ.

ಮೋಡೆಮ್ಮಿನ ಕೇಬಲ್ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಲ್ಯಾನ್4 ಇನ್ನೂ ಬ್ರಿಜ್‌ನಲ್ಲಿರುವಾಗ ಬ್ರಿಜ್ ಮೋಡಿನ ಮೋಡೆಮ್ ಸೇರಿಸಿದರೆ ನಿಮ್ಮ ಮನೆಯ ಡಿಎಚ್‌ಸಿಪಿ ಕಂಪನಿಯ ಲೈನಿನ ಮೇಲೆ ವಿಳಾಸ ಹಂಚಲು ಹೊರಡುತ್ತದೆ. ಎಚ್ಚರದ ಕಂಪನಿ ಅದನ್ನು ತಡೆದಿರುತ್ತದೆ, ಇಲ್ಲದ ಕಡೆ ನಿಮ್ಮ ಲೈನನ್ನೇ ಮುಚ್ಚಬಹುದು.

ಆವೃತ್ತಿ 2 ಇರುವವರಿಗೆ: ಮೆನುವಿನಲ್ಲಿ ಸ್ವಿಚ್ ಎಂಬ ಪುಟ ಕಂಡರೆ ಮೇಲಿನ ಡಿವೈಸಸ್ ಟ್ಯಾಬಿನ ಕೆಲಸ ಬೇಡ. ಅಲ್ಲಿ ವಿಲ್ಯಾನ್ 1ರ ಸಾಲಿನಲ್ಲಿ ಲ್ಯಾನ್ 4 ಆಫ್, ವಿಲ್ಯಾನ್ 2ರ ಸಾಲಿನಲ್ಲಿ ಲ್ಯಾನ್ 4 ಅನ್‌ಟ್ಯಾಗ್ಡ್, ವ್ಯಾನ್ ಆಫ್. ಸಿಪಿಯು ಕಂಬ ಎರಡರಲ್ಲೂ ಟ್ಯಾಗ್ಡ್ ಆಗಿಯೇ ಇರಬೇಕು. ವ್ಯಾನ್ ಇಂಟರ್‌ಫೇಸಿನಲ್ಲಿ ಪಿಪಿಪಿಒಇ ಮತ್ತು ಹೆಸರು-ಪಾಸ್‌ವರ್ಡ್ ಹಾಕಿದರೆ ಸಾಕು, ಡಿವೈಸ್ ಬದಲಿಸುವ ಅಗತ್ಯವಿಲ್ಲ, ಮ್ಯಾಕ್ ಕೂಡ ಹಳೆಯದೇ ಉಳಿಯುತ್ತದೆ.

ಹೊನ್ನಾವರ_ಮೈಕ್ರೋಟಿಕ್

ಇದೇ ಕೆಲಸ ಮೈಕ್ರೋಟಿಕ್ ಕಂಪನಿಯ ರೂಟರಿನಲ್ಲಿ ಹುಡುಕಿ ಬರುವವರಿಗೆ ನಾಲ್ಕು ಸಾಲು. ಫ್ಲಾಶ್ ಗೀಶ್ ಏನೂ ಬೇಡ, ಅಲ್ಲಿ ಯಾವ ಪೋರ್ಟಿಗೂ ಹುಟ್ಟಿನಿಂದ ಜಾತಿ ಇಲ್ಲ. ಅದರ ಸೆಟ್ಟಿಂಗ್ ಬದಲಿಸುವ ವಿನ್‌ಬಾಕ್ಸ್‌ನಲ್ಲಿ ಮೊದಲು ಸೇಫ್ ಮೋಡ್ ಒತ್ತಿ (ಸಂಪರ್ಕ ತಪ್ಪಿದರೆ ಮಾಡಿದ ಬದಲಾವಣೆ ತಾನೇ ಹಿಂದಕ್ಕೆ ಹೋಗುತ್ತದೆ). ಬ್ರಿಜ್, ಪೋರ್ಟ್ಸ್‌ನಲ್ಲಿ ಈಥರ್5 ತೆಗೆಯಿರಿ. ಪಿಪಿಪಿಒಇ ಕ್ಲೈಂಟಿನ ಇಂಟರ್‌ಫೇಸನ್ನು ಈಥರ್1ರಿಂದ ಈಥರ್5ಕ್ಕೆ ಬದಲಿಸಿ. ಇಂಟರ್‌ಫೇಸ್ ಲಿಸ್ಟ್‌ನಲ್ಲಿ ವ್ಯಾನ್ ಪಟ್ಟಿಗೆ ಈಥರ್5 ಮತ್ತು ಪಿಪಿಪಿಒಇ ಎರಡನ್ನೂ ಸೇರಿಸಿ. ಡಿಫಾಲ್ಟ್ ಮಾಸ್ಕರೇಡ್ ನಿಯಮ (ಮನೆಯ ಸಾಧನಗಳನ್ನೆಲ್ಲ ಹೊರಗಿನ ಒಂದೇ ವಿಳಾಸದಲ್ಲಿ ಕಳಿಸುವುದು) ಆ ಪಟ್ಟಿಯನ್ನು ನೋಡಿಯೇ ನಡೆಯುತ್ತದೆ. ಎಲ್ಲ ಸರಿಯಾದ ಮೇಲೆ ಸೇಫ್ ಮೋಡ್ ಬಿಡಿ.

ಹುಲೇಕಲ್_ತೋಟ (ಶಿರಸಿ)

ಲ್ಯಾಪ್‌ಟಾಪಿನಿಂದ ನೇರ ಡಯಲ್ ಆಯಿತು. ಓಪನ್‌ವರ್ಟ್ ಹತ್ತಿತು, ಹೇಳಿದಂತೆಯೇ ಮಾಡಿದೆ. ವ್ಯಾನ್ ಇಂಟರ್‌ಫೇಸ್ ಮೇಲೇಳುತ್ತಿಲ್ಲ. ಸಿಸ್ಟಮ್ ಲಾಗ್‌ನಲ್ಲಿ ‘ಟೈಮ್‌ಔಟ್ ವೇಟಿಂಗ್ ಫಾರ್ ಪಾಡೋ ಪ್ಯಾಕೆಟ್ಸ್’ ಅಂತ ಮತ್ತೆ ಮತ್ತೆ ಬರುತ್ತಿದೆ.

ಯಲ್ಲಾಪುರ_ಪ್ಯಾಕೆಟ್

ಪಾಡೋ ಅಂದರೆ ನೀವು ಕೂಗಿದ್ದಕ್ಕೆ ಆಚೆಯಿಂದ ಬರಬೇಕಾದ ‘ಓ’. ಅದು ಬಂದಿಲ್ಲ ಎಂದರೆ ಪಾಸ್‌ವರ್ಡಿನ ತನಕ ಮಾತೇ ಹೋಗಿಲ್ಲ. ಪಾಸ್‌ವರ್ಡ್ ತಪ್ಪಿದ್ದರೆ ಆಥೆಂಟಿಕೇಶನ್ ಫೇಲ್ಡ್ ಅಂತ ಬೇರೆಯೇ ಸಾಲು ಬರುತ್ತಿತ್ತು. ಆದ್ದರಿಂದ ಪಾಸ್‌ವರ್ಡ್ ಮತ್ತೆ ಮತ್ತೆ ಹೊಡೆಯಬೇಡಿ, ಕೇಬಲ್ ದಾರಿ ನೋಡಿ. ಡಿವೈಸಸ್ ಟ್ಯಾಬಿನಲ್ಲಿ ಲ್ಯಾನ್4 ಚಾಲೂ ಇದೆಯೇ? ರೂಟರ್ ಮೇಲಿನ ಅಂಕಿ 4ಕ್ಕೇ ಕೇಬಲ್ ಹೋಗಿದೆಯೇ? ಮೋಡೆಮ್ ಬದಿಯಲ್ಲಿ ಮೊದಲು ಇದ್ದ ಪೋರ್ಟಿನಲ್ಲೇ ಇದೆಯೇ? ಎಷ್ಟೋ ಮೋಡೆಮ್‌ಗಳಲ್ಲಿ ಬ್ರಿಜ್ ಒಂದು ಪೋರ್ಟಿಗೆ ಮಾತ್ರ ಕಟ್ಟಿರುತ್ತದೆ. ಎಲ್ಲ ಸರಿಯಿದ್ದರೆ, ಮೋಡೆಮ್ಮನ್ನು ಐದು ನಿಮಿಷ ಆಫ್ ಮಾಡಿ ಹಾಕಿ. ಲ್ಯಾಪ್‌ಟಾಪಿನ ಮ್ಯಾಕ್ ಇನ್ನೂ ಆಚೆ ನೆನಪಿನಲ್ಲಿ ಕೂತಿರಬಹುದು.

ಹುಲೇಕಲ್_ತೋಟ (ಶಿರಸಿ)

ಮೋಡೆಮ್ಮಿನ ಲ್ಯಾನ್ 2ಕ್ಕೆ ಹಾಕಿದ್ದೆ. ಲ್ಯಾನ್ 1ಕ್ಕೆ ಬದಲಿಸಿದ ಕೂಡಲೇ ಎದ್ದಿತು. ಪ್ಲ್ಯಾನ್ 100 ಎಂಬಿಪಿಎಸ್, 94 ತೋರಿಸುತ್ತಿದೆ.

ಕಾರವಾರ_ಅರ್ಥಿಂಗ್

94 ತೋರಿಸಿದರೆ ಪ್ಲ್ಯಾನ್‌ಗೆ ಸರಿಹೋಯಿತು. ಆದರೂ ಸಿ6ನದು ಗಿಗಾಬಿಟ್ ಪೋರ್ಟ್, ಡಿವೈಸಸ್‌ನಲ್ಲಿ ಲ್ಯಾನ್4ರ ವೇಗ 1000 ಇದೆಯೇ 100 ಇದೆಯೇ ನೋಡಿ. 100 ಇದ್ದು ಮೋಡೆಮ್ಮಿನದೂ ಗಿಗಾಬಿಟ್ ಪೋರ್ಟ್ ಆಗಿದ್ದರೆ ಕೇಬಲ್ಲಿನ ನಾಲ್ಕು ಜೋಡಿಯಲ್ಲಿ ಒಂದು ಹೋಗಿದೆ, ಅಥವಾ ಆ ಪೋರ್ಟಿಗೂ ಅರ್ಧ ಪೆಟ್ಟು ಬಿದ್ದಿದೆ. ವ್ಯಾನ್ ಸುಟ್ಟದ್ದೂ ಅದೇ ಚಿಪ್ಪಿನೊಳಗೆ ತಾನೇ. ಚಿಪ್ಪಿನ ಜಾಗ ಮುಟ್ಟಲಾಗದಷ್ಟು ಬಿಸಿ ಆಗುತ್ತಿದ್ದರೆ ಇನ್ನೊಂದು ರೂಟರ್ ನೋಡಿಟ್ಟುಕೊಳ್ಳಿ.

ಇನ್ನು ಮೂಲ ಕಾರಣ. ಫೈಬರಿನ ಗಾಜಿನಲ್ಲಿ ವಿದ್ಯುತ್ ಬರುವುದಿಲ್ಲ, ಹಾಗಾದರೆ ಸಿಡಿಲು ಬಂದದ್ದು ಎಲ್ಲಿಂದ? ಎರಡು ದಾರಿ. ಮೋಡೆಮ್ಮಿನ ಅಡಾಪ್ಟರಿನಿಂದ ಒಳಗೆ ಬಂದು, ಈಥರ್ನೆಟ್ ಕೇಬಲ್ ಹಿಡಿದು ರೂಟರಿಗೆ ಹಾರುವುದು ಒಂದು. ಈಥರ್ನೆಟ್ ಪೋರ್ಟಿನ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ತಡೆಯಬೇಕಾದದ್ದು 1500 ವೋಲ್ಟ್, ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ. ಮೋಡೆಮ್ ಒಂದು ಕೋಣೆಯ ಪ್ಲಗ್ಗಿನಲ್ಲಿ, ರೂಟರ್ ಇನ್ನೊಂದು ಕೋಣೆಯದರಲ್ಲಿ ಇದ್ದರೆ ಪೆಟ್ಟು ಜಾಸ್ತಿ. ಎರಡನ್ನೂ ಒಂದೇ ಸರ್ಜ್ ಬೋರ್ಡಿಗೆ ಹಾಕಿ. ಎರಡನೆಯದು, ಕಂಬದಿಂದ ಬರುವ ಫೈಬರ್ ಕೇಬಲ್ಲಿನ ಜೊತೆಗಿರುವ ಉಕ್ಕಿನ ತಂತಿ. ಅದನ್ನು ಗೋಡೆಯ ಹೊರಗಿನ ಕೊಕ್ಕೆಗೇ ಕಟ್ಟಿ ಅಲ್ಲೇ ಕತ್ತರಿಸಬೇಕು. ಮೋಡೆಮ್ ತನಕ ಎಳೆದು ತಂದಿರುವ ಮನೆಗಳು ಬೇಕಾದಷ್ಟಿವೆ.

ಅಂಗಳ ದಾಟಿ ಕೊಟ್ಟಿಗೆಗೋ ಅಡಿಕೆ ಅಟ್ಟಕ್ಕೋ ತಾಮ್ರದ ಕೇಬಲ್ ಎಳೆದಿದ್ದರೆ ಅದು ಮೂರನೇ ದಾರಿ. ಅಲ್ಲಿ ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ತಾಮ್ರದಿಂದ ಫೈಬರಿಗೆ ಬದಲಿಸುವ ಪೆಟ್ಟಿಗೆ) ಇಟ್ಟು ನಡುವೆ ಫೈಬರ್ ಹಾಕಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ಚಿರೆಕಲ್ಲಿನ ನೆಲ ಏಪ್ರಿಲ್-ಮೇನಲ್ಲಿ ಒಣಗಿರುತ್ತದೆ, ಗುಡುಗು ಬರುವುದೂ ಆಗಲೇ.

ಕರಾವಳಿಯವರಿಗೆ ಒಂದು ಮಾತು: ದೀಪ ಹತ್ತದ ಪೋರ್ಟೆಲ್ಲ ಸುಟ್ಟದ್ದಲ್ಲ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಒಳಗಿನ ಎಂಟು ಪಿನ್ನುಗಳಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಟಾರ್ಚ್ ಬಿಟ್ಟು ನೋಡಿ, ಪವರ್ ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಒಣಗಿದ ಮೇಲೆ ಪರೀಕ್ಷಿಸಿ. ನೀರು, ತೆಂಗಿನೆಣ್ಣೆ ಎರಡೂ ಬೇಡ.

ಹುಲೇಕಲ್_ತೋಟ (ಶಿರಸಿ)

ಲ್ಯಾನ್4 1000 ಅಂತಲೇ ಇದೆ. ಉಕ್ಕಿನ ತಂತಿ ನೀವು ಹೇಳಿದ ಹಾಗೆ ಒಳಗೇ ಬಂದಿದೆ, ಹೊರಗೆ ಕತ್ತರಿಸಿಕೊಡಲು ಸೋಮವಾರ ನೆಟ್‌ನವರಿಗೆ ಹೇಳುತ್ತೇನೆ. ಎಲ್ಲರಿಗೂ ಧನ್ಯವಾದ.

ಕುಮಟಾ_ಕೇಬಲ್

ಅವರು ಬರುವ ಮೊದಲು ಸುಟ್ಟ ವ್ಯಾನ್ ತೂತಿಗೆ ಟೇಪ್ ಹಚ್ಚಿ, ಲ್ಯಾನ್ 4ರ ಮೇಲೆ ‘ಮೋಡೆಮ್ ಇಲ್ಲಿ’ ಅಂತ ಬರೆದಿಡಿ ಮಾರಾಯ್ರೆ. ಇಲ್ಲವಾದರೆ ಬಂದ ಹುಡುಗ ಕೇಬಲ್ ತೆಗೆದು ವ್ಯಾನ್ ಅಂತ ಬರೆದಲ್ಲಿಗೇ ಹಾಕಿ, ರೂಟರ್ ಹೋಗಿದೆ ಅಂತ ಹೇಳಿ ಹೋಗುತ್ತಾನೆ.