ಮುರ್ಗಾಂವ್ ಪರ್ಯಾಯದ್ವೀಪದಲ್ಲಿ ಕೆಲವು ವಾರ ತಂಗಿ ಕಡಲ ದಂಡೆಗಳನ್ನು ನೋಡುವುದು ಹೇಗೆ?

ಪ್ರಶ್ನೆ: ಪುಣೆಯ ಸದಸ್ಯರಿಂದ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ಕೆಲಸದಿಂದ ನಿವೃತ್ತರಾಗಿದ್ದೇವೆ. ಈ ಚಳಿಗಾಲದಲ್ಲಿ ಮನೆಗೆ ಬೀಗ ಹಾಕಿ, ಒಂದೊಂದು ಊರಿನಲ್ಲಿ ಕೆಲವು ವಾರ ತಂಗುತ್ತಾ, ಗೋವೆಯಿಂದ ಕಾರವಾರ, ಗೋಕರ್ಣಗಳ ಮೂಲಕ ಮಂಗಳೂರಿನವರೆಗೆ ನಿಧಾನವಾಗಿ ಸಾಗಬೇಕೆಂದಿದ್ದೇವೆ. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾವಿ, ಲೋಂಡಾ, ದೂಧ್‌ಸಾಗರದ ದಾರಿಯಾಗಿ ಕೊನೆಯ ನಿಲ್ದಾಣ ಮುರ್ಗಾಂವ್ ಪರ್ಯಾಯದ್ವೀಪದ ವಾಸ್ಕೋ ಆಗಿರುವುದರಿಂದ, ಮೊದಲ ತಂಗುದಾಣ ಅಲ್ಲಿಯೇ ಆಗಲಿ ಎಂಬುದು ನಮ್ಮ ಯೋಚನೆ. ಪರಿಚಯದವರೆಲ್ಲ ಕಲಂಗುಟ್, ಬಾಗಾ ಕಡೆಗೇ ಹೋಗಿರೆಂದು ಹೇಳುತ್ತಿದ್ದಾರೆ. ಆ ಜನಸಂದಣಿ ನಮಗೆ ಬೇಡ. ಪತ್ನಿಗೆ ಈಜು ಬರುವುದಿಲ್ಲ, ಆದರೆ ಮೊಣಕಾಲುದ್ದದ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುವುದೆಂದರೆ ಬಲು ಇಷ್ಟ. ನನಗೆ ಉದ್ದನೆಯ ದಂಡೆಯಲ್ಲಿ ನಡೆಯುವ ಆಸೆ. ಉತ್ತರಕ್ಕೆ ಝುವಾರಿ ನದಿಯ ಅಳಿವೆ, ಪಶ್ಚಿಮಕ್ಕೂ ದಕ್ಷಿಣಕ್ಕೂ ಅರಬ್ಬೀ ಸಮುದ್ರವಿರುವ ಈ ನೆಲದ ತುಂಡಿನಲ್ಲಿ ನಮ್ಮಿಬ್ಬರಿಗೂ ಒಪ್ಪುವಂತೆ ದಿನ ಕಳೆಯಲು ಸಾಧ್ಯವೇ? ಮನೆಯನ್ನು ಎಲ್ಲಿ ಹಿಡಿಯುವುದು ಒಳ್ಳೆಯದು?

ಉತ್ತರ: ವಾಸ್ಕೋದಲ್ಲಿ ನೆಲೆಸಿರುವ ಹಾವೇರಿಯವರಿಂದ

ಖಂಡಿತ ಸಾಧ್ಯ, ಸರ್. ಇಲ್ಲಿ ದಂಡೆಯನ್ನು ಮೊದಲು ಆರಿಸಿ ಆಮೇಲೆ ಹೊತ್ತು ನೋಡುವುದಲ್ಲ. ಹೊತ್ತು ನೋಡಿ ದಂಡೆಯನ್ನು ಆರಿಸಬೇಕು. ಪಶ್ಚಿಮ ಕರಾವಳಿಯ ಬಹುತೇಕ ಕಡೆ ಸೂರ್ಯ ನಮ್ಮ ಬೆನ್ನ ಹಿಂದೆ, ತೆಂಗಿನ ತೋಟದ ಮರೆಯಲ್ಲಿ ಹುಟ್ಟುತ್ತಾನೆ. ಆದರೆ ಇಲ್ಲಿಯ ಹೊಲಾಂತ್ ದಂಡೆಯಲ್ಲಿ ಕರಾವಳಿಯು ಬಾಗಿರುವುದರಿಂದ, ಸೂರ್ಯ ಆಗ್ನೇಯಕ್ಕೆ ಸರಿದಿರುವ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನೀರಿನಾಚೆಯ ದಡದ ಮೇಲೆ ಅವನು ಮೇಲೇರುವುದನ್ನು ಮರಳಿನ ಮೇಲೆ ಕುಳಿತೇ ನೋಡಬಹುದು. ಗೋವೆಯಲ್ಲಿ ಬೆಳಗಿನ ಹೊತ್ತಿಗೆ ಹೆಸರಾದ ದಂಡೆ ಅದು. ಚಿಕ್ಕದು, ಅಕ್ಕಪಕ್ಕ ಬಂಡೆಗಳಿವೆ, ಅಲೆ ಸಾಮಾನ್ಯವಾಗಿ ಮೆತ್ತಗೆ ಬರುತ್ತದೆ. ನೀರು ಇಳಿದಾಗ ಬಂಡೆಗಳ ನಡುವೆ ಉಳಿಯುವ ಹೊಂಡಗಳಲ್ಲಿ ಬೆರಳುದ್ದದ ಮೀನುಗಳೂ, ಬೆನ್ನ ಮೇಲೆ ಶಂಖ ಹೊತ್ತು ಅಡ್ಡಾಡುವ ಸಣ್ಣ ಏಡಿಗಳೂ ಕಾಣುತ್ತವೆ. ಅಮ್ಮನವರಿಗೆ ಅದು ಬಹಳ ಹಿಡಿಸೀತು.

ಬಿಸಿಲೇರಿದ ಮೇಲೆ ಬೋಗ್ಮಾಲೊ ಮೇಲು. ಎರಡೂ ಬದಿಗೆ ಗುಡ್ಡವಿರುವ ಪುಟ್ಟ ಕೊಲ್ಲಿ. ಮರಳಿನ ಅಂಚಿನಲ್ಲಿಯೇ ಊಟದ ಅಂಗಡಿಗಳಿವೆ. ಹತ್ತಿರದಲ್ಲಿಯೇ 1998ರಲ್ಲಿ ಆರಂಭವಾದ ನೌಕಾಪಡೆಯ ವಿಮಾನ ವಸ್ತುಸಂಗ್ರಹಾಲಯವಿದೆ. ದಾಬೋಳಿ ವಿಮಾನ ನಿಲ್ದಾಣವೂ ನೌಕಾನೆಲೆಯೇ ಆದ್ದರಿಂದ ಯುದ್ಧವಿಮಾನಗಳ ಸದ್ದು ಆಗಾಗ ಕಿವಿಗಡಚಿಕ್ಕುತ್ತದೆ. ಮನೆ ಹಿಡಿಯುವ ಮೊದಲು ವಾರದ ನಡುವಿನ ಒಂದು ಬೆಳಿಗ್ಗೆ ಅಲ್ಲಿ ಕುಳಿತು ನೋಡಿ. ಸಂಜೆಗೆ ಪಶ್ಚಿಮದ ಬಾಯ್ನಾ ದಂಡೆಯಿದೆ, ಇಲ್ಲವೇ ಸಡಾ ಗುಡ್ಡದ ಮೇಲಿನ ಜಪಾನಿ ಉದ್ಯಾನವಿದೆ. ಅಲ್ಲಿಂದ ನೋಡಿದರೆ ಹಡಗುಗಳು ಲಂಗರು ಹಾಕಿ ಸರದಿಗೆ ಕಾಯುತ್ತಿರುತ್ತವೆ.

ಬಾಯ್ನಾ, ಝುವಾರಿನಗರಗಳಲ್ಲಿ ನಮ್ಮ ಕಡೆಯ ಜನ ಬಹಳ. ಸೊಪ್ಪು ಕೊಳ್ಳುವಾಗ ಕನ್ನಡದಲ್ಲಿಯೇ ಚೌಕಾಸಿ ಮಾಡಬಹುದು. ಬಂದರಿನ ಕಲ್ಲಿದ್ದಲ ಧೂಳಿನ ಬಗ್ಗೆ ಪೇಟೆಯಲ್ಲಿ ಬಹಳ ಕಾಲದಿಂದ ದೂರುಗಳಿರುವುದರಿಂದ, ಮನೆಯನ್ನು ಪೇಟೆಯಿಂದ ದೂರದಲ್ಲಿ, ಬೋಗ್ಮಾಲೊ ಕಡೆಗೆ ನೋಡಿ ಎನ್ನುತ್ತೇನೆ.

ಉತ್ತರ: ಮಡಗಾಂವಿನಲ್ಲಿರುವ ಶಿರಸಿ ಮೂಲದವರಿಂದ

ಹಾವೇರಿಯ ಅಣ್ಣನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕೇಳಿದವರಿಗೆ ನಡೆಯುವ ಆಸೆಯೂ ಇದೆಯಲ್ಲ? ಬೋಗ್ಮಾಲೊ, ಹೊಲಾಂತ್ ಎರಡೂ ಗುಡ್ಡಕ್ಕೆ ಬಂದು ಮುಗಿಯುವ ದಂಡೆಗಳು. ಪರ್ಯಾಯದ್ವೀಪ ಮುಗಿದು ಸಾಲಸೇಟ್‌ನ ಬಯಲು ತೆರೆದುಕೊಳ್ಳುವ ವೆಲ್ಸಾಂವ್‌ನಲ್ಲಿ ಮನೆ ಹಿಡಿಯಿರಿ. ಅಲ್ಲಿಂದ ದಕ್ಷಿಣಕ್ಕೆ ಆರೊಶಿ, ಉತೊರ್ಡಾ, ಮಾಜೊರ್ಡಾ, ಕೋಲ್ವಾ ದಾಟಿ ಸಾಳ್ ನದಿ ಸಮುದ್ರ ಸೇರುವ ಮೊಬೊರ್‌ವರೆಗೆ ಸುಮಾರು 25 ಕಿಲೋಮೀಟರ್ ಮರಳೇ ಮರಳು.

ಬೆಳಿಗ್ಗೆ ಬೇಗ ಹೋದರೆ ಕೆಲವು ದಿನ ರಾಂಪಣಿ ಎಂಬ ದೊಡ್ಡ ಮೀನುಬಲೆಯನ್ನು ಎಳೆಯುವುದು ನೋಡಲು ಸಿಗುತ್ತದೆ. ದೋಣಿಯವರು ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದ ಮೇಲೆ, ದಡದಲ್ಲಿ ಎರಡು ಸಾಲು ಜನ ಹಗ್ಗವನ್ನು ಸೊಂಟಕ್ಕೆ ಆನಿಸಿಕೊಂಡು, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎಳೆಯುತ್ತಾರೆ. ಎರಡು ಸಾಲುಗಳೂ ಹತ್ತಿರವಾದಂತೆ ಹದ್ದುಗಳು ತಲೆಯ ಮೇಲೆ ಸುತ್ತತೊಡಗುತ್ತವೆ. ಯಾಂತ್ರಿಕ ದೋಣಿಗಳ ಕಾಲದಲ್ಲಿ ಈ ಜನ ತಮ್ಮ ಕಸುಬನ್ನು ಬಿಡದೆ ಉಳಿಸಿಕೊಂಡಿರುವುದು ದೊಡ್ಡ ಮಾತು. ಬಲೆ ದಡಕ್ಕೆ ಬಂದಾಗ ಅಡ್ಡ ನಿಲ್ಲಬೇಡಿ, ಕೇಳದೆ ಫೋಟೋ ತೆಗೆಯಬೇಡಿ. ಸುಮ್ಮನೆ ಕೈಜೋಡಿಸಿದರೆ ಬಾಂಗಡೆಯನ್ನೋ ತಾರ್ಲೆಯನ್ನೋ ಅವರೇ ಕೊಟ್ಟಾರು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ವೆಲ್ಸಾಂವ್‌ನ ಮಾತು ಪತ್ನಿಗೂ ಮೆಚ್ಚುಗೆಯಾಗಿದೆ. ಆದರೆ ತೆರೆದ ದಂಡೆಯಾದ್ದರಿಂದ ಈಜು ಬಾರದವರಿಗೆ ಅಪಾಯವಲ್ಲವೇ ಎಂಬುದೊಂದೇ ಅಳುಕು.

ಉತ್ತರ: ಬಂದರಿನಲ್ಲಿ ಕೆಲಸ ಮಾಡಿದ ಹಿರಿಯ ಸದಸ್ಯರಿಂದ

ಅಳುಕು ಇರಬೇಕಾದದ್ದೇ. ಸರ್ವೆ ಆಫ್ ಇಂಡಿಯಾದವರು ಮುರ್ಗಾಂವ್ ಬಂದರಿನ ಉಬ್ಬರ-ಇಳಿತದ ಕೋಷ್ಟಕವನ್ನು ಪ್ರತಿ ವರ್ಷ ಪ್ರಕಟಿಸುತ್ತಾರೆ; ನಿಮ್ಮ ದಿನಚರಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ಇಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು. ಹೊಲಾಂತ್‌ನ ಬಂಡೆಗಳ ಕಡೆಗೆ ಇಳಿತದ ಹೊತ್ತಿನಲ್ಲಿ ಹೋಗಿ, ನೀರು ಏರತೊಡಗಿದೊಡನೆ ಹಿಂದಿರುಗಿ.

ವೆಲ್ಸಾಂವ್‌ನಂಥ ತೆರೆದ ದಂಡೆಯಲ್ಲಿ ಹೆದರಬೇಕಾದದ್ದು ಎತ್ತರದ ಅಲೆಗಿಂತಲೂ, ದಡಕ್ಕೆ ಬಂದ ನೀರು ಒಂದೇ ಕಾಲುವೆಯಾಗಿ ಹಿಂದಕ್ಕೆ ಹೊರಡುವ ಸೆಳೆತಕ್ಕೆ. ಎರಡು ಕಡೆ ನೊರೆಯಿದ್ದು ನಡುವೆ ನೀರು ಶಾಂತವಾಗಿ, ತುಸು ಕಪ್ಪಾಗಿ ಕಂಡರೆ ಅಲ್ಲಿ ಇಳಿಯಲೇಬೇಡಿ. ಜೀವರಕ್ಷಕರು ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಇರುತ್ತಾರೆ. ಕೆಂಪು-ಹಳದಿ ಬಾವುಟಗಳ ನಡುವೆ ನೀರಿಗಿಳಿಯಬಹುದು, ಬರೀ ಕೆಂಪು ಬಾವುಟವಿದ್ದರೆ ಮೊಣಕಾಲುದ್ದವೂ ಬೇಡ. ಸೂರ್ಯಾಸ್ತದ ನಂತರ ನೀರಿಗೆ ಇಳಿಯಬಾರದೆಂದು ನನ್ನ ಮಕ್ಕಳಿಗೂ ಹೇಳುತ್ತೇನೆ, ತಮಗೂ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಬಾಡಿಗೆ ಏರಿರುತ್ತದೆ. ಜನವರಿ ಮೊದಲ ವಾರದಲ್ಲಿ ಬಂದರೆ ಮನೆ ಸುಲಭವಾಗಿ ಸಿಗುವುದಲ್ಲದೆ, 6ನೇ ತಾರೀಕು ವೆಲ್ಸಾಂವ್ ಹತ್ತಿರದ ಕುವೆಲಿಂ ಗುಡ್ಡದ ಮೇಲಿನ ಚರ್ಚಿನಲ್ಲಿ ನಡೆಯುವ, ಶಿಶು ಯೇಸುವನ್ನು ಕಾಣಲು ಬಂದ ಮೂವರು ರಾಜರ ಹಬ್ಬವನ್ನೂ ನೋಡಬಹುದು. ರಾಜರ ವೇಷದ ಮೂವರು ಹುಡುಗರು ಕುದುರೆಯೇರಿ ಗುಡ್ಡ ಹತ್ತುತ್ತಾರೆ. ಅಲ್ಲಿಂದ ಕೆಳಗೆ ನೋಡಿದರೆ ತಾವು ನಡೆಯಲಿರುವ ದಂಡೆ ಬಹು ದೂರದವರೆಗೆ ಕಾಣುತ್ತದೆ. ಬರುವ ದಿನ ನಿಶ್ಚಯವಾದೊಡನೆ ತಿಳಿಸಿ, ಆ ವಾರದ ಉಬ್ಬರ-ಇಳಿತದ ಹೊತ್ತುಗಳನ್ನು ಇಲ್ಲಿಯೇ ಬರೆದು ಹಾಕುತ್ತೇನೆ.